ಇದು ಎಗ್ಜಾಮಿಗೆ ಬರುತ್ತಾ ಸರ್?

ಎಂ.ಎ. ಓದುವಾಗ ಜಾನಪದ ಪತ್ರಿಕೆಯಲ್ಲಿ ನನಗೆ 63 ಅಂಕ ಬಂದಿತ್ತು. ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದ ಗೆಳೆಯನಿಗೆ 41. ಇಷ್ಟೇ ಆಗಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಆ ಪತ್ರಿಕೆಯ ಮುಖ್ಯ ಪಠ್ಯ ಮಂಟೇಸ್ವಾಮಿ ಕಾವ್ಯದ ಆಯ್ದ ಭಾಗ. ನಾನು ಅಲ್ಲಿಯವರೆಗೆ ಆ ಕಾವ್ಯವನ್ನು ಒಂದು ಸಲವೂ ಕಿವಿಯಿಂದ ಕೇಳಿದವನಲ್ಲ. ಅವನೋ ಕೊಳ್ಳೇಗಾಲದ ಕಡೆಯವನು, ನೀಲಗಾರರ ಮನೆಯ ಹುಡುಗ. ಅವನ ತಾತ ತಂಬೂರಿ ಹಿಡಿದು ರಾತ್ರಿಯಿಡೀ ಹಾಡುತ್ತಿದ್ದರು. ಇವನು ಚಿಕ್ಕವನಿದ್ದಾಗ ಹಿಮ್ಮೇಳದಲ್ಲಿ ಕೂತು ತಾಳ ಹಾಕಿದವನು.

ಪರೀಕ್ಷೆಯಲ್ಲಿ ಬಂದ ಪ್ರಶ್ನೆ: ಮಂಟೇಸ್ವಾಮಿ ಕಾವ್ಯದ ಹಿನ್ನೆಲೆಯಲ್ಲಿ ಜನಪದ ಮಹಾಕಾವ್ಯದ ಲಕ್ಷಣಗಳನ್ನು ವಿವರಿಸಿ. ನಾನು ತರಗತಿಯಲ್ಲಿ ಬರೆಸಿದ್ದ ಎಂಟು ಲಕ್ಷಣಗಳನ್ನು ಒಂದರ ಕೆಳಗೊಂದು ಬರೆದು, ಅಡಿಗೆರೆ ಎಳೆದು ಬಂದೆ. ಅವನು ತಾತ ಹಾಡುವಾಗ ಏನಾಗುತ್ತದೆ ಎಂದು ಬರೆದಿದ್ದ. ಯಾವ ಊರಿನಲ್ಲಿ ಯಾವ ಸಾಲು ಉದ್ದವಾಗುತ್ತದೆ, ನಿದ್ದೆಗೆ ಜಾರಿದವರನ್ನು ಎಬ್ಬಿಸಲು ಎಲ್ಲಿ ಹಾಡು ಬಿಟ್ಟು ಮಾತಿಗೆ ಇಳಿಯುತ್ತಾರೆ, ಹಿಮ್ಮೇಳದವರ 'ಹ್ಞೂ' ತಪ್ಪಿದರೆ ಕಥೆ ಹೇಗೆ ತಡವರಿಸುತ್ತದೆ ಎಂದೆಲ್ಲ. ಮೌಲ್ಯಮಾಪಕರಿಗೆ ಅದರಲ್ಲಿ ಲಕ್ಷಣಗಳು ಕಾಣಿಸಲಿಲ್ಲ. ಪಠ್ಯಪುಸ್ತಕ ಕೈಗೆ ಬಂದ ದಿನ ಅವನು ಹೇಳಿದ ಮಾತು ನನಗಿನ್ನೂ ನೆನಪಿದೆ: "ಇದ್ರಲ್ಲಿ ತಾತ ಎಲ್ಲಿ ಉಸ್ರು ತಗೋತದೆ ಅಂತ್ಲೇ ಗೊತ್ತಾಗಲ್ಲ ಕಣೋ."

ಈಗ ನಾನು ಅತಿಥಿ ಉಪನ್ಯಾಸಕ. ಗಂಟೆ ಲೆಕ್ಕದಲ್ಲಿ ಕನ್ನಡ ಸಾಹಿತ್ಯ ಕಲಿಸುತ್ತೇನೆ. ಈ ವೃತ್ತಿಯಲ್ಲಿ ಇಷ್ಟು ವರ್ಷ ಕಳೆದ ಮೇಲೆ ನನಗೆ ಖಚಿತವಾಗಿರುವ ಸಂಗತಿ ಒಂದಿದೆ. ಕನ್ನಡ ಎಂ.ಎ. ತರಗತಿಯಲ್ಲಿ ನಾವು 'ಪಠ್ಯ' ಎಂದು ಕೊಡುವುದರಲ್ಲಿ ದೊಡ್ಡ ಪಾಲು ಮೂಲತಃ ಕೇಳುವ ವಸ್ತು. ಅದನ್ನು ಕೇಳಿಸದೆ ಕಲಿಸುತ್ತಿದ್ದೇವೆ, ಕೇಳಿಸದೆಯೇ ಪರೀಕ್ಷೆ ಮಾಡುತ್ತಿದ್ದೇವೆ. ಆಡಿಯೋ, ವಿಡಿಯೋಗಳನ್ನು 'ಪೂರಕ ಸಾಮಗ್ರಿ' ಎಂದು ಕರೆಯುವ ಅಭ್ಯಾಸವೇ ತಪ್ಪು. ಮಂಟೇಸ್ವಾಮಿಯ ವಿಷಯದಲ್ಲಿ ಪೂರಕ ಸಾಮಗ್ರಿ ಯಾವುದೆಂದರೆ ಪುಸ್ತಕ.

ಇದನ್ನು ಹೇಳಿದ ಕೂಡಲೇ 'ಹೌದು ಹೌದು, ಸ್ಮಾರ್ಟ್ ಕ್ಲಾಸ್ ಬೇಕು' ಎನ್ನುವವರು ಸಿಗುತ್ತಾರೆ. ಅವರಿಂದಲೂ ನಾನು ದೂರ. ನಾನು ಕೆಲಸ ಮಾಡಿದ ಒಂದು ಕಡೆ ಸ್ಮಾರ್ಟ್ ಕ್ಲಾಸ್ ಇತ್ತು. ಪ್ರೊಜೆಕ್ಟರಿಗೆ ಬಟ್ಟೆ ಹೊದಿಸಿದ್ದರು. ಬೀಗದ ಕೈ ಕಚೇರಿಯಲ್ಲಿ. ಕೇಳಿದರೆ 'ನ್ಯಾಕ್ ಕಮಿಟಿ ಬಂದಾಗ ತೆಗೀತೀವಿ' ಎಂದರು. ಕೊನೆಗೆ ನಾನೇ ಸಾವಿರದೈನೂರು ರೂಪಾಯಿಯ ಒಂದು ಸ್ಪೀಕರ್ ಕೊಂಡು ಚೀಲದಲ್ಲಿ ಇಟ್ಟುಕೊಂಡೆ. ಒಂದು ತರಗತಿಯ ನಲವತ್ತು ಜನಕ್ಕೆ ಕಾವ್ಯ ಕೇಳಿಸಲು ಅಷ್ಟು ಸಾಕು. ಯಂತ್ರದ ಕೊರತೆಯಿಂದ ಈ ಕೆಲಸ ನಿಂತಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮೊದಲ ಸಲ ಆ ಸ್ಪೀಕರಿನಲ್ಲಿ ಮಲೆ ಮಾದೇಶ್ವರ ಕಾವ್ಯದ ಸಂಕಮ್ಮನ ಸಾಲನ್ನು ಹಾಕಿದೆ. ಕಥೆ ನಿಮಗೆ ಗೊತ್ತಿರಬಹುದು. ನೀಲೇಗೌಡ ಜೇನಿಗೆಂದು ಕಾಡಿಗೆ ಹೊರಡುವ ಮುನ್ನ ಹೆಂಡತಿಯ ಪಾತಿವ್ರತ್ಯಕ್ಕೆ ಭಾಷೆ ಕೇಳುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಅವನು ಹಿಂಸಿಸುತ್ತಾನೆ. ಪುಸ್ತಕದಲ್ಲಿ ಇದು ಒಂದೆರಡು ಪುಟಗಳಲ್ಲಿ ಮುಗಿಯುವ ಸಂವಾದ. ಸೊಲ್ಲು ಒಮ್ಮೆ ಪೂರ್ತಿಯಾಗಿ ಅಚ್ಚಾಗಿ, ಮುಂದೆ ಬರೀ ಚುಕ್ಕಿಗಳಾಗುತ್ತದೆ. ಹಾಡಿನಲ್ಲಿ ಆ ಸೊಲ್ಲು ಮತ್ತೆ ಮತ್ತೆ ಬರುತ್ತದೆ. ಅವನು ಕೇಳುತ್ತಾನೆ, ಅವಳು ಒಲ್ಲೆ ಎನ್ನುತ್ತಾಳೆ, ಕಂಸಾಳೆಯ ಪೆಟ್ಟು ಬಿಗಿಯಾಗುತ್ತದೆ. ಅವನ ಹಠ ಎಷ್ಟು ಹೊತ್ತು ನಡೆಯಿತು, ಅವಳು ಎಷ್ಟು ಹೊತ್ತು ತಡೆದುಕೊಂಡಳು ಎಂಬುದು ಕೇಳಿದವರ ಮೈಗೆ ತಿಳಿಯುತ್ತದೆ. ಚುಕ್ಕಿಗಳು ನುಂಗಿದ್ದು ಈ ಹೊತ್ತನ್ನು. ಪುನರಾವರ್ತನೆ ಜನಪದ ಮಹಾಕಾವ್ಯದ ಲಕ್ಷಣ ಎಂದು ನಾನೇ ಹಿಂದೆ ಅಡಿಗೆರೆ ಎಳೆದು ಬರೆದಿದ್ದೆ. ಅದು ಏನು ಮಾಡುತ್ತದೆ ಎಂದು ಗೊತ್ತಾಗಿದ್ದು ಆ ದಿನ, ನನ್ನ ವಿದ್ಯಾರ್ಥಿಗಳ ಜೊತೆ ಕೂತು ಕೇಳಿದಾಗ.

ತರಗತಿ ಮುಗಿದಾಗ ಮೊದಲು ಬಂದ ಪ್ರಶ್ನೆ, ಮುಂದಿನ ಬೆಂಚಿನ ಒಬ್ಬ ಹುಡುಗಿಯದು: "ಇದು ಎಗ್ಜಾಮಿಗೆ ಬರುತ್ತಾ ಸರ್?"

ನನಗೆ ಸಿಟ್ಟು ಬಂತು. ಮನೆಗೆ ಹೋಗುವ ಬಸ್ಸಿನಲ್ಲಿ ಯೋಚಿಸಿದಾಗ ಸಿಟ್ಟು ಇಳಿಯಿತು. ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ಬೆಳಿಗ್ಗೆ ಐದಕ್ಕೆ ಎದ್ದು, ಎರಡು ಬಸ್ಸು ಬದಲಾಯಿಸಿ ಬರುವ ಹುಡುಗಿ. ಅವಳ ಸಮಯಕ್ಕೆ ಬೆಲೆ ಇದೆ. ವಿಶ್ವವಿದ್ಯಾಲಯ ತಾನು ಯಾವುದನ್ನು ಜ್ಞಾನ ಎಂದು ಒಪ್ಪುತ್ತೇನೆ ಎನ್ನುವುದನ್ನು ಪ್ರಶ್ನೆಪತ್ರಿಕೆಯಲ್ಲಿ ಹೇಳುತ್ತದೆ, ಉದ್ಘಾಟನಾ ಭಾಷಣಗಳಲ್ಲಿ ಅಲ್ಲ. ಆ ಪತ್ರಿಕೆಯಲ್ಲಿ ದನಿಗೆ ಜಾಗವಿಲ್ಲ ಎಂದ ಮೇಲೆ ನಾನು ಸ್ಪೀಕರ್ ಹೊತ್ತು ತಂದದ್ದು ಅವಳ ದೃಷ್ಟಿಯಲ್ಲಿ ಒಂದು ಗಂಟೆಯ ಮನರಂಜನೆ, ಅಷ್ಟೆ. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಕಾರಿಡಾರಿನಲ್ಲಿ ಸಿಕ್ಕಿ "ಏನ್ರೀ, ಕ್ಲಾಸೋ ಟೆಂಟ್ ಸಿನಿಮಾನೋ?" ಎಂದು ನಕ್ಕರು. ಇಬ್ಬರೂ ಹೇಳಿದ್ದು ಒಂದನ್ನೇ.

ಹಾಗಾಗಿ ನನ್ನ ಜಗಳ ಪ್ರಶ್ನೆಪತ್ರಿಕೆಯ ಜೊತೆ. ಆದರೆ ಅಲ್ಲಿಗೆ ಹೋಗುವ ಮುನ್ನ ಎದುರಾಗುವ ಆಕ್ಷೇಪಗಳನ್ನು ನೋಡೋಣ. ಅವುಗಳಲ್ಲಿ ಕೆಲವು ನೆಪ, ಒಂದೆರಡು ನಿಜವಾದವು.

ಮೊದಲನೆಯದು: ವಿಡಿಯೋ, ಆಡಿಯೋ ಬಂದರೆ ಹುಡುಗರು ಓದುವುದನ್ನು ಬಿಡುತ್ತಾರೆ. ಇದರಲ್ಲಿ ಸತ್ಯವಿದೆ, ಮತ್ತು ಆ ಸತ್ಯವನ್ನು ನಾನು ನನ್ನ ತಪ್ಪಿನಿಂದಲೇ ಕಲಿತೆ. ಒಂದು ಸೆಮಿಸ್ಟರಿನಲ್ಲಿ ಪಾಠ ಹಿಂದೆ ಬಿದ್ದಿತ್ತು. 'ಸಂಸ್ಕಾರ' ಕಾದಂಬರಿಯನ್ನು ಓದಿಸಲು ಹೊತ್ತಿಲ್ಲವೆಂದು 1970ರ ಸಿನಿಮಾ ತೋರಿಸಿಬಿಟ್ಟೆ. ಕಿರುಪರೀಕ್ಷೆಯಲ್ಲಿ ಕಾದಂಬರಿಯ ಬಗ್ಗೆ ಕೇಳಿದ ಪ್ರಶ್ನೆಗೆ ಅರ್ಧ ತರಗತಿ ಸಿನಿಮಾದ ಉತ್ತರ ಬರೆದಿತ್ತು. ಪ್ರಾಣೇಶಾಚಾರ್ಯರಾಗಿ ಗಿರೀಶ ಕಾರ್ನಾಡರು ಚೆನ್ನಾಗಿ ಅಭಿನಯಿಸಿದ್ದಾರೆ ಎಂದು ಒಬ್ಬ ಬರೆದಿದ್ದ. ಕಾದಂಬರಿಯ ಮೂರನೆಯ ಭಾಗದಲ್ಲಿ ಆಚಾರ್ಯರು ಪುಟ್ಟನ ಜೊತೆ ನಡೆಯುತ್ತ ತಮ್ಮೊಳಗೇ ನಡೆಸುವ ವಾಗ್ವಾದ ಯಾರ ಉತ್ತರದಲ್ಲೂ ಇರಲಿಲ್ಲ, ಏಕೆಂದರೆ ಆ ಒಳಮಾತಿನ ಬಹುಪಾಲು ಪುಟದಲ್ಲಿ ಮಾತ್ರ ಇದೆ. ನಾನು ಮಾಡಿದ್ದು ಬೋಧನೆಯಲ್ಲ, ಸಮಯ ತುಂಬಿಸುವ ಕೆಲಸ.

ಮುಂದಿನ ವರ್ಷ ಬೇರೆ ಥರ ಮಾಡಿದೆ. ಮೊದಲು ಆ ಭಾಗದ ಹತ್ತು ಪುಟ ಓದಿದೆವು. ಆಮೇಲೆ ಸಿನಿಮಾದ ಅದೇ ಸನ್ನಿವೇಶದ ಕೆಲವು ನಿಮಿಷ ನೋಡಿದೆವು. ಒಂದೇ ಪ್ರಶ್ನೆ ಕೊಟ್ಟೆ: ಪುಟದಲ್ಲಿದ್ದು ಪರದೆಯ ಮೇಲೆ ಇಲ್ಲದ್ದು ಯಾವುದು, ಪರದೆಯಲ್ಲಿದ್ದು ಪುಟದಲ್ಲಿ ಇಲ್ಲದ್ದು ಯಾವುದು? ಉತ್ತರ ಬರೆಯಲು ಮತ್ತೆ ಪುಸ್ತಕ ತೆರೆಯಲೇಬೇಕಾಯಿತು. ವಿಡಿಯೋ ಓದನ್ನು ಕೊಲ್ಲುವುದು ಓದಿನ ಬದಲಿಗೆ ಬಂದಾಗ. ಓದಿನ ಎದುರಿಗೆ ಇಟ್ಟಾಗ ಓದು ಚುರುಕಾಗುತ್ತದೆ. ಈ ವ್ಯತ್ಯಾಸವನ್ನು ಮೇಷ್ಟರು ಮಾಡಬೇಕು, ಯಂತ್ರ ಮಾಡುವುದಿಲ್ಲ.

ಇನ್ನು ಓದು ಎಂದರೆ ಏನು ಎಂದೂ ಈ ಆಕ್ಷೇಪದವರನ್ನು ಕೇಳಬೇಕು. ಛಂದಸ್ಸಿನ ತರಗತಿಯನ್ನೇ ನೋಡಿ. ಭಾಮಿನಿ ಷಟ್ಪದಿ: ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ ಮೂರು ನಾಲ್ಕು ಮೂರು ನಾಲ್ಕು ಮಾತ್ರೆ, ಮೂರು ಮತ್ತು ಆರನೆಯ ಪಾದಗಳಲ್ಲಿ ಅದರ ಒಂದೂವರೆಯಷ್ಟು, ಮೇಲೊಂದು ಗುರು. ನನ್ನ ವಿದ್ಯಾರ್ಥಿಗಳು ಇದನ್ನು ಬಾಯಿಪಾಠ ಹೇಳುತ್ತಾರೆ. ಲಘು ಗುರು ಗುರುತು ಹಾಕಿ ಗಣ ವಿಂಗಡಿಸಿ ಪೂರ್ತಿ ಅಂಕ ತೆಗೆಯುತ್ತಾರೆ. ಅದೇ ಪದ್ಯವನ್ನು ಗಟ್ಟಿಯಾಗಿ ಓದಿ ಎಂದರೆ ಮೂರನೆಯ ಶಬ್ದಕ್ಕೆ ಮುಗ್ಗರಿಸುತ್ತಾರೆ. ಮಾತ್ರೆ ಎಂದರೆ ಕಾಲದ ಅಳತೆ, ಕೇಳಬೇಕಾದದ್ದು ಎಂದೇ ಅವರಿಗೆ ಯಾರೂ ಹೇಳಿಲ್ಲ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯಲ್ಲಿ ಗಮಕ ಇವತ್ತಿಗೂ ಊರಿನ ವಿದ್ಯೆ. ಅಲ್ಲಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಕುಮಾರವ್ಯಾಸನ ವಾಕ್ಯ ಪಾದದ ಕೊನೆಯಲ್ಲಿ ನಿಲ್ಲದೆ ಮುಂದಿನ ಪಾದಕ್ಕೆ ನುಗ್ಗುತ್ತದೆ. ಗಮಕಿ ಎಲ್ಲಿ ಪದ ಬಿಡಿಸುತ್ತಾರೆ, ಎಲ್ಲಿ ಎಳೆಯುತ್ತಾರೆ ಎನ್ನುವುದರಲ್ಲೇ ಅನ್ವಯ ತಿಳಿಯುತ್ತದೆ. ಅರ್ಥಕೋಶ ಹಿಡಿದು ಒಂದು ಗಂಟೆ ಒದ್ದಾಡಿದ ಪದ್ಯ ಎರಡು ನಿಮಿಷದ ವಾಚನದಲ್ಲಿ ಬಿಡಿಸಿಕೊಂಡದ್ದನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ. ಕೇಳಿದ ಮೇಲೆ ಅದೇ ಹುಡುಗರು ಪುಸ್ತಕ ಎತ್ತಿಕೊಂಡು ಮುಂದಿನ ಪದ್ಯವನ್ನು ತಾವೇ ಓದಲು ನೋಡಿದರು.

ತಾಳಮದ್ದಳೆಯ ಕಥೆ ಇನ್ನೂ ವಿಚಿತ್ರ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಆಶುವಾಗಿ ಮಾತು ಕಟ್ಟುತ್ತಾರೆ. ಅಚ್ಚಾದ ಪ್ರಸಂಗದಲ್ಲಿ ಇರುವುದು ಪದಗಳು ಮಾತ್ರ. ವಾಲಿ ರಾಮನನ್ನು ಪ್ರಶ್ನಿಸುವ ಆ ಗಂಟೆಗಟ್ಟಲೆ ತರ್ಕ, ಎದುರಾಳಿಯ ಒಂದು ಶಬ್ದ ಹಿಡಿದು ಅವನನ್ನೇ ಕಟ್ಟಿಹಾಕುವ ಚಾತುರ್ಯ, ಯಾವುದೂ ಪುಸ್ತಕದಲ್ಲಿಲ್ಲ. ಪ್ರಸಂಗದ ಪುಸ್ತಕ ಇಟ್ಟುಕೊಂಡು ತಾಳಮದ್ದಳೆ ಕಲಿಸುವುದು ಬರಿಯ ಸ್ಕೋರ್ ಕಾರ್ಡ್ ಓದಿ ಕ್ರಿಕೆಟ್ ಕಲಿಸಿದ ಹಾಗೆ. ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ನಾವು ಎಲ್ಲ ಕಡೆ ಪಾಠ ಮಾಡುತ್ತೇವೆ. ದುಡಿಯ ಸದ್ದು ಹೇಗಿರುತ್ತದೆ ಎಂದು ನಮ್ಮ ಬಯಲುಸೀಮೆಯ ಎಷ್ಟು ವಿದ್ಯಾರ್ಥಿಗಳಿಗೆ ಗೊತ್ತು? ಚೋಮ ಸಿಟ್ಟನ್ನೂ ದುಃಖವನ್ನೂ ತೀರಿಸಿಕೊಳ್ಳುವುದು ಅದರ ಮೇಲೆ. ಒಂದು ನಿಮಿಷದ ದನಿ ಸಾಕಿತ್ತು.

ಎರಡನೆಯ ಆಕ್ಷೇಪ ಕಾನೂನಿನದು. 'ಕಾಪಿರೈಟ್ ಸಮಸ್ಯೆ ಬರುತ್ತೆ' ಎಂದು ಹೇಳಿ ಫೈಲು ಮುಚ್ಚುತ್ತಾರೆ. ಇದು ನೆಪ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಕಲಮು ಬೋಧನೆಯ ಸಂದರ್ಭದಲ್ಲಿ ಮೇಷ್ಟರು, ವಿದ್ಯಾರ್ಥಿಗಳು ಕೃತಿಯನ್ನು ಬಳಸುವುದಕ್ಕೆ ವಿನಾಯಿತಿ ಕೊಡುತ್ತದೆ. ಸಂಸ್ಥೆಯ ಬೋಧಕರು ಮತ್ತು ವಿದ್ಯಾರ್ಥಿಗಳಂಥ ಸೀಮಿತ ಪ್ರೇಕ್ಷಕರಿಗೆ ಸಿನಿಮಾ ತೋರಿಸುವುದಕ್ಕೂ, ಧ್ವನಿಮುದ್ರಣ ಕೇಳಿಸುವುದಕ್ಕೂ ಅಲ್ಲಿ ಅವಕಾಶವಿದೆ. 2016ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಫೋಟೋಕಾಪಿ ಪ್ರಕರಣದಲ್ಲಿ ದೊಡ್ಡ ದೊಡ್ಡ ಪ್ರಕಾಶಕರು ಹಾಕಿದ ದಾವೆಗೆ ದೆಹಲಿ ಹೈಕೋರ್ಟ್ ಬೋಧನೆಯ ಪರವಾದ ಉತ್ತರ ಕೊಟ್ಟದ್ದು ಇದೇ ಕಲಮಿನ ಆಧಾರದಲ್ಲಿ.

ಅದೇ ಕಾಯ್ದೆ ಇನ್ನೊಂದು ಮಾತನ್ನೂ ಹೇಳುತ್ತದೆ. ಅದು ನಮಗೆ ಅಷ್ಟು ರುಚಿಸುವುದಿಲ್ಲ. 2012ರ ತಿದ್ದುಪಡಿಯ ನಂತರ ಹಾಡಿದವರಿಗೆ, ಆಡಿದವರಿಗೆ, ಅಂದರೆ ಪ್ರದರ್ಶನಕಾರರಿಗೆ ತಮ್ಮ ಹೆಸರಿನಿಂದ ಗುರುತಿಸಿಕೊಳ್ಳುವ ಹಕ್ಕಿದೆ. ನಮ್ಮ ಪಠ್ಯಪಟ್ಟಿಗಳನ್ನು ತೆಗೆದು ನೋಡಿ. ಜನಪದ ಮಹಾಕಾವ್ಯದ ಮುಂದೆ ಸಂಪಾದಕರ ಹೆಸರಿರುತ್ತದೆ. ಹಾಡಿದವರು ಮುನ್ನುಡಿಯ ಕೊನೆಯ ಪುಟದ ಕೃತಜ್ಞತೆಯಲ್ಲಿ ಸಿಕ್ಕರೆ ಪುಣ್ಯ. ಸಂಪಾದಕರ ಶ್ರಮವನ್ನು ನಾನು ಸಣ್ಣದು ಮಾಡುತ್ತಿಲ್ಲ. ಅವರು ಊರೂರು ಅಲೆದು ಕೂಡಿಸದಿದ್ದರೆ ನಮಗೆ ಇಷ್ಟೂ ಇರುತ್ತಿರಲಿಲ್ಲ. ಆದರೆ ಕೃತಿಕಾರರ ಜಾಗದಲ್ಲಿ ಯಾರ ಹೆಸರು ಬರಬೇಕು? ಪುಟದ ಮೇಲೆ ಆ ಪ್ರಶ್ನೆಯನ್ನು ಮರೆಸಬಹುದು. ದನಿ ಕೇಳಿಸಿದಾಗ ಮರೆಸಲು ಆಗುವುದಿಲ್ಲ, ವಿದ್ಯಾರ್ಥಿಗಳು ಮೊದಲು ಕೇಳುವುದೇ 'ಹಾಡ್ತಿರೋರು ಯಾರು ಸರ್?' ಎಂದು.

ಇದನ್ನು ಮಾಡಿ ತೋರಿಸಿದ ಉದಾಹರಣೆ ನಮ್ಮ ನೆಲದಲ್ಲೇ ಇದೆ. 1990ರ ಡಿಸೆಂಬರಿನಲ್ಲಿ ಫಿನ್‌ಲೆಂಡಿನ ಲೌರಿ ಹೊಂಕೊ ಮತ್ತು ನಮ್ಮವರೇ ಆದ ವಿವೇಕ ರೈ, ಚಿನ್ನಪ್ಪ ಗೌಡ ಅವರ ತಂಡ ತುಳುವಿನ ಸಿರಿ ಮಹಾಕಾವ್ಯವನ್ನು ಗೋಪಾಲ ನಾಯ್ಕರಿಂದ ಹಾಡಿಸಿ ಧ್ವನಿ ಮತ್ತು ದೃಶ್ಯ ಎರಡರಲ್ಲೂ ದಾಖಲಿಸಿತು. 1998ರಲ್ಲಿ ಅದು ಎರಡು ಸಂಪುಟಗಳಾಗಿ ಬಂದಾಗ 15,683 ಸಾಲುಗಳಿದ್ದವು. ಆ ಪುಸ್ತಕದ ಹೆಸರಿನಲ್ಲೇ ಹಾಡಿದವರ ಹೆಸರಿದೆ: ಗೋಪಾಲ ನಾಯ್ಕರು ಪ್ರದರ್ಶಿಸಿದ ಸಿರಿ ಕಾವ್ಯ ಎಂದು. ದನಿಯನ್ನು ಪಠ್ಯವಾಗಿಸುವಾಗ ಏನು ಉಳಿಯುತ್ತದೆ, ಏನು ಕಳೆಯುತ್ತದೆ ಎಂಬ ಚರ್ಚೆಗೆ ಅದು ಜಗತ್ತಿನಾದ್ಯಂತ ಉಲ್ಲೇಖಿಸುವ ಕೆಲಸ. ನಮ್ಮ ತರಗತಿಗೆ ಅದರಿಂದ ಬಂದದ್ದೇನು? ಐದು ಅಂಕದ ಟಿಪ್ಪಣಿ: 'ಲೌರಿ ಹೊಂಕೊ'.

ಹೊರಗಿನದೂ ಒಂದು ಉದಾಹರಣೆ ಹೇಳುತ್ತೇನೆ. ಮಿಲ್ಮನ್ ಪ್ಯಾರಿ 1930ರ ದಶಕದಲ್ಲಿ ಯುಗೊಸ್ಲಾವಿಯಾದ ಹಾಡುಗಾರರನ್ನು ಅಲ್ಯೂಮಿನಿಯಂ ತಟ್ಟೆಗಳ ಮೇಲೆ ಮುದ್ರಿಸಿಕೊಂಡ. ಅವನ ಶಿಷ್ಯ ಆಲ್ಬರ್ಟ್ ಲಾರ್ಡ್ ಅದರ ಮೇಲೆ 1960ರಲ್ಲಿ ಪುಸ್ತಕ ಬರೆದ. ಮೌಖಿಕ ಕಾವ್ಯದ ಸಿದ್ಧಾಂತ ಎಂದು ನಾವು ನೋಟ್ಸ್ ಬರೆಸುವುದು ಅದನ್ನೇ. 2000ದಲ್ಲಿ ಆ ಪುಸ್ತಕದ ಎರಡನೆಯ ಆವೃತ್ತಿ ಬಂದಾಗ ಜೊತೆಗೆ ಸಿಡಿ ಕೊಟ್ಟರು, ಹಾಡು ಕೇಳದೆ ಸಿದ್ಧಾಂತ ಓದಬೇಡಿ ಎಂಬಂತೆ. ಅಲ್ಲಿಯ ತಟ್ಟೆಗಳು ಹಾರ್ವರ್ಡಿನಲ್ಲಿ ಇವತ್ತಿಗೂ ಇವೆ. ನಾನು ಕಂಡ ಒಂದು ಕನ್ನಡ ವಿಭಾಗದಲ್ಲಿ ಹಳೆಯ ಸಂಶೋಧಕರು ಕ್ಷೇತ್ರಕಾರ್ಯದಲ್ಲಿ ಮುದ್ರಿಸಿದ ಕ್ಯಾಸೆಟ್ಟುಗಳು ಒಂದು ಟ್ರಂಕಿನಲ್ಲಿದ್ದವು. ಮೇಲೆ ಬಿಳಿ ಬೂಷ್ಟು. ಕೆಲವದರ ಮೇಲಿನ ಚೀಟಿ ಉದುರಿ ಯಾರ ದನಿ, ಯಾವ ಊರು ಎಂಬುದೇ ಹೋಗಿತ್ತು. ಪಿಎಚ್.ಡಿ. ಮುಗಿಯಿತು, ಪುಸ್ತಕ ಬಂತು, ದನಿಯ ಕೆಲಸ ಮುಗಿಯಿತು ಎಂಬ ತೀರ್ಮಾನ ಆ ಟ್ರಂಕಿನಲ್ಲಿತ್ತು. ಹಾಡಿದವರಲ್ಲಿ ಎಷ್ಟು ಜನ ಈಗ ಇದ್ದಾರೋ.

ಈ ಅಸಡ್ಡೆ ನಮ್ಮ ವಿಶ್ವವಿದ್ಯಾಲಯಗಳ ಹುಟ್ಟುಗುಣವೂ ಅಲ್ಲ. 1935ರಲ್ಲಿ ಮೈಸೂರಿನಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರು. 'ಆಕಾಶವಾಣಿ' ಎಂಬ ಹೆಸರು ದೇಶಕ್ಕೆ ಬಂದದ್ದು ಅಲ್ಲಿಂದ. ತರಗತಿಯ ಗೋಡೆಯಾಚೆಗೆ ದನಿ ಕಳಿಸಬೇಕು ಎಂದು ಒಬ್ಬ ಮೇಷ್ಟರಿಗೆ ಆಗಲೇ ಅನ್ನಿಸಿತ್ತು. ಸುಮಾರು ತೊಂಬತ್ತು ವರ್ಷಗಳ ನಂತರ ನಾವು ಆಚೆಯ ದನಿಯನ್ನು ತರಗತಿಯೊಳಕ್ಕೆ ಬಿಡಬೇಕೋ ಬೇಡವೋ ಎಂದು ಚರ್ಚಿಸುತ್ತಿದ್ದೇವೆ.

ಮೂರನೆಯ ಆಕ್ಷೇಪವನ್ನು ನನ್ನ ಮುಂದಿಟ್ಟದ್ದು ಒಬ್ಬ ವಿದ್ಯಾರ್ಥಿ. ನನಗೆ ಇದೇ ಹೆಚ್ಚು ತೂಕದ್ದು. "ಒಬ್ಬರು ಹಾಡಿದ್ದನ್ನು ರೆಕಾರ್ಡ್ ಮಾಡಿ ಪಠ್ಯ ಅಂತ ಇಟ್ರೆ ಅದೂ ಪುಸ್ತಕದ ಥರವೇ ಫಿಕ್ಸ್ ಆಗಲ್ವಾ ಸರ್?" ಆಗುತ್ತದೆ. ಶರೀಫರ ತತ್ವಪದ ಎಂದ ಕೂಡಲೇ ನಮ್ಮ ಕಿವಿಯಲ್ಲಿ ಸಿ. ಅಶ್ವತ್ಥ್ ಅವರ ದನಿ ಕೇಳುತ್ತದೆ. ಅದು ಒಬ್ಬ ದೊಡ್ಡ ಸಂಯೋಜಕರ ವ್ಯಾಖ್ಯಾನ ಎಂಬುದು ಮರೆತು, ಶರೀಫರೇ ಹಾಗೆ ಹಾಡಿದರು ಎಂಬಂತಾಗಿದೆ. ಭಜನೆಯಲ್ಲಿ ಏಕತಾರಿ ದಮ್ಮಡಿಗಳ ಜೊತೆ ಅದೇ ಪದ ಬೇರೆಯೇ ನಡೆಯಲ್ಲಿ ಬರುತ್ತದೆ. ಮಲ್ಲಿಕಾರ್ಜುನ ಮನಸೂರರು ಹಾಡಿದ ವಚನ ಹಿಂದೂಸ್ತಾನಿ ಸಂಗೀತದ ಹಾದಿಯಲ್ಲಿ ನಡೆಯುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಅದನ್ನು ಹೇಗೆ ನುಡಿದರು ಎಂದು ಅದು ತಿಳಿಸುವುದಿಲ್ಲ.

ಇದಕ್ಕೆ ನನ್ನ ಉತ್ತರ: ಯಾವತ್ತೂ ಒಂದು ದನಿ ಕೇಳಿಸಬೇಡಿ, ಎರಡು ಕೇಳಿಸಿ. ಒಂದೇ ತತ್ವಪದದ ಎರಡು ಹಾಡಿಕೆ, ಒಂದೇ ಷಟ್ಪದಿಯ ಇಬ್ಬರು ಗಮಕಿಗಳ ವಾಚನ, ಒಂದೇ ಸಾಲಿನ ಎರಡು ಊರುಗಳ ಹಾಡು. ಯಾರು, ಎಲ್ಲಿ, ಯಾವಾಗ, ಯಾರ ಎದುರು ಹಾಡಿದ್ದು ಎಂದು ಬರೆದು ಕೊಡಿ. ಎರಡನ್ನು ಪಕ್ಕ ಪಕ್ಕ ಇಟ್ಟ ಕ್ಷಣ ವಿದ್ಯಾರ್ಥಿ ವಿಮರ್ಶಕನಾಗುತ್ತಾನೆ. ಪಾಠಾಂತರ ಎಂಬ ಶಬ್ದವನ್ನು ಗ್ರಂಥಸಂಪಾದನೆಯ ಪತ್ರಿಕೆಯಲ್ಲಿ ಒಣ ವ್ಯಾಖ್ಯೆಯಾಗಿ ಕಲಿಯುವವನಿಗೆ ಇಲ್ಲಿ ಅದು ಕಿವಿಗೆ ಬೀಳುತ್ತದೆ. ಧ್ವನಿಮುದ್ರಣ ಪರಮಸತ್ಯವೇನಲ್ಲ, ಅದೂ ಓದಿ ಅನುಮಾನಿಸಬೇಕಾದ ಪಠ್ಯ. ನಾನು ಕೇಳುತ್ತಿರುವುದು ಅದಕ್ಕೆ ಆ ಗೌರವವನ್ನೇ.

ಇದರಿಂದ ಯಾರಿಗೆ ಏನು ಸಿಗುತ್ತದೆ ಎಂಬ ಲೆಕ್ಕವನ್ನೂ ಹೇಳಬೇಕು. ಮೂರು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ದೃಷ್ಟಿಯಿಲ್ಲದ ಒಬ್ಬ ವಿದ್ಯಾರ್ಥಿಯಿದ್ದ. ಪಠ್ಯದ ಪಿಡಿಎಫ್‌ಗಳನ್ನು ಕಳಿಸಿದ್ದೇನೆಂದು ನನಗೆ ಸಮಾಧಾನವಿತ್ತು. ಒಂದು ದಿನ ಅವನು ತನ್ನ ಫೋನಿನ ಸ್ಕ್ರೀನ್ ರೀಡರಿನಲ್ಲಿ ಅದನ್ನು ಓದಿಸಿ ತೋರಿಸಿದ. ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪ್ ಮಾಡಿದ ಕನ್ನಡ ಅದು, ಯೂನಿಕೋಡ್ ಅಲ್ಲ. ಕೇಳಿಸಿದ್ದು ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಗಲಿಬಿಲಿ. ಉಳಿದ ಪುಟಗಳು ಸ್ಕ್ಯಾನ್ ಮಾಡಿದ ಚಿತ್ರಗಳು, ಅಲ್ಲಿ ಬರೀ ಮೌನ. ಅವನು ಓದುತ್ತಿದ್ದದ್ದು ಗೆಳತಿಯೊಬ್ಬಳು ಬಿಡುವಿದ್ದಾಗ ಓದಿ ಮುದ್ರಿಸಿ ಕೊಡುತ್ತಿದ್ದ ಪಾಠಗಳನ್ನು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದು ವರ್ಷಗಳೇ ಆಗಿವೆ, ಅವನ ಪಾಲಿಗೆ ವಿಶ್ವವಿದ್ಯಾಲಯ ಎಂದರೆ ಆ ಗೆಳತಿಯ ಬಿಡುವು. ಅವನಿಗೆ ಆಡಿಯೋ ಪಠ್ಯ 'ವೈವಿಧ್ಯ'ವಲ್ಲ, ಒಳಗೆ ಬರಲು ಇರುವ ಬಾಗಿಲು. ಹಾಗೆಯೇ ಕಿವಿ ಕೇಳದ ವಿದ್ಯಾರ್ಥಿಗೆ ಅಕ್ಷರರೂಪವಿಲ್ಲದ ವಿಡಿಯೋ ಇನ್ನೊಂದು ಮುಚ್ಚಿದ ಬಾಗಿಲು. ದನಿಯ ಜೊತೆ ಯೂನಿಕೋಡಿನ ಬರಹ ಕೊಡಲೇಬೇಕು. ಎರಡೂ ಬೇಕು ಎನ್ನುವುದಕ್ಕೆ ಇದಕ್ಕಿಂತ ಸರಳ ಕಾರಣ ಬೇಕಿಲ್ಲ.

ಹಾಗೆಂದು 'ಲಿಂಕ್ ಕಳಿಸಿದ್ದೇನೆ, ನೋಡಿಕೊಳ್ಳಿ' ಎನ್ನುವುದು ಕಲಿಸಿದ ಹಾಗಲ್ಲ. 2020ರ ಲಾಕ್‌ಡೌನಿನಲ್ಲಿ ನಾವೆಲ್ಲ ಕ್ಯಾಮೆರಾ ಮುಂದೆ ಕೂತು ಹಳೆಯ ನೋಟ್ಸನ್ನೇ ಓದಿದೆವು. ಮರದ ಮೇಲೆ, ಗುಡ್ಡದ ಮೇಲೆ ನೆಟ್‌ವರ್ಕ್ ಹುಡುಕಿ ಕೂತವರಿಗೆ ಅದೇ ಪಾಠ. ವಿಡಿಯೋ ಆದ ಮಾತ್ರಕ್ಕೆ ಡಿಕ್ಟೇಶನ್ ಬೋಧನೆಯಾಗುವುದಿಲ್ಲ. ಒಂದು ಗಂಟೆಯ ಸಾಧಾರಣ ಗುಣಮಟ್ಟದ ಆಡಿಯೋ ಸುಮಾರು 29 ಎಂ.ಬಿ. ಇಡೀ ರಾತ್ರಿಯ ಎಂಟು ಗಂಟೆಯ ಕಥೆ 230 ಎಂ.ಬಿ. ಒಂದು ಪೆನ್‌ಡ್ರೈವಿನಲ್ಲಿ ಇಡೀ ಸೆಮಿಸ್ಟರಿನ ದನಿಗಳನ್ನು ತುಂಬಿ ತರಗತಿಯಲ್ಲೇ ಫೋನಿನಿಂದ ಫೋನಿಗೆ ದಾಟಿಸಬಹುದು. ಡೇಟಾ ಹಾಕಿಸಲು ದುಡ್ಡಿಲ್ಲದವನನ್ನು ಹೊರಗಿಡದ ರೀತಿ ಇದು.

ಈಗ ಪ್ರಶ್ನೆಪತ್ರಿಕೆಗೆ ಬರುತ್ತೇನೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಹೆಸರಿನಲ್ಲಿ ನಮ್ಮ ಪದವಿ ಪಠ್ಯಕ್ರಮ ಬದಲಾಯಿತು. 2024ರಲ್ಲಿ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಬಂದೆವು. ಮೂರು ವರ್ಷದೊಳಗೆ ಎರಡು ಸಲ ಪಠ್ಯ ಕಟ್ಟುವ ಅವಕಾಶ. ನಾನು ಪಾಠ ಮಾಡುವಲ್ಲಿ ಎರಡು ಸಲವೂ ಒಂದು ಸಂಕಲನ ಹೋಗಿ ಇನ್ನೊಂದು ಸಂಕಲನ ಬಂತು. ಕೇಳುವ ಪಠ್ಯ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ಮುಂದಿನ ಸಲ ಸಭೆ ಸೇರಿದಾಗ ಪಠ್ಯಸಮಿತಿ ಮಾಡಬಹುದಾದ ಕೆಲಸಗಳು ಕಷ್ಟದವಲ್ಲ. ಮೌಖಿಕ ಕಾವ್ಯ, ಗಮಕ, ತತ್ವಪದ, ಯಕ್ಷಗಾನಗಳಿರುವ ಪ್ರತಿ ಪತ್ರಿಕೆಯಲ್ಲಿ ಎರಡು ಧ್ವನಿಮುದ್ರಣಗಳನ್ನು ಪಠ್ಯವೆಂದೇ ನಮೂದಿಸಿ, ಕೃತಿಕಾರರ ಜಾಗದಲ್ಲಿ ಹಾಡಿದವರ ಹೆಸರು ಬರೆಯಿರಿ. ಅದಕ್ಕೆ ಗಂಟೆಗಳನ್ನು ಹಂಚಿ. ಹಾಡಿದವರ ಒಪ್ಪಿಗೆ ಪಡೆದು ಸಂಭಾವನೆ ಕೊಡಿ; ಬದುಕಿದ್ದರೆ ವರ್ಷಕ್ಕೊಮ್ಮೆ ಕರೆಸಿ, ಉಪನ್ಯಾಸಕ್ಕೆ ಬರುವ ಪ್ರೊಫೆಸರಿಗೆ ಕೊಡುವ ಗೌರವಧನವನ್ನೇ ಅವರಿಗೂ ಕೊಡಿ. ಟ್ರಂಕಿನ ಕ್ಯಾಸೆಟ್ಟುಗಳನ್ನು ಈ ವರ್ಷವೇ ಡಿಜಿಟಲ್ ಮಾಡಿಸಿ. ಪರೀಕ್ಷೆಯಲ್ಲಿ 20 ಅಂಕ ಕೇಳುವಿಕೆಗೆ ಇಡಿ: ಹಾಲ್‌ನಲ್ಲಿ ಐದು ನಿಮಿಷದ ದನಿಯನ್ನು ಎರಡು ಸಲ ಹಾಕಿ, ಕೇಳಿದ್ದರ ಬಗ್ಗೆ ಬರೆಯಲು ಹೇಳಿ. ಅಂಥ ಪ್ರಶ್ನೆಗೆ ಗೈಡಿನಿಂದ ಉತ್ತರ ಬರುವುದಿಲ್ಲ. ಗೈಡು ಮಾರುವವರನ್ನು ಬಿಟ್ಟರೆ ಇದರಿಂದ ಯಾರಿಗೂ ನಷ್ಟವಿಲ್ಲ.

ಅಂಥ ಪ್ರಶ್ನೆಯೊಂದು ಅವತ್ತು ಇದ್ದಿದ್ದರೆ 63 ಮತ್ತು 41 ಅದಲುಬದಲಾಗುತ್ತಿತ್ತೇನೋ. ಗೆಳೆಯ ಎಂ.ಎ. ಮುಗಿಸಲಿಲ್ಲ. ಮನೆಯ ಕಷ್ಟವೂ ಒಂದು ಕಾರಣ, ಆ ಅಂಕಪಟ್ಟಿಯೂ ಒಂದು ಕಾರಣ. ಎಷ್ಟು ಪಾಲು ಯಾವುದು ಎಂದು ನಾನು ಹೇಳಲಾರೆ. ಅವನ ತಾತ ತೀರಿಕೊಂಡರು. ಅವರ ದನಿ ಯಾವ ಕ್ಯಾಸೆಟ್ಟಿನಲ್ಲೂ ಇಲ್ಲ. ನಮ್ಮ ಹಾಸ್ಟೆಲಿನಿಂದ ಅವರ ಊರಿಗೆ ಮೂರು ಗಂಟೆಯ ಬಸ್ಸು. ನಾನಾದರೂ ಒಂದು ರಾತ್ರಿ ಹೋಗಿ ಕೂತು ಕೇಳಬಹುದಿತ್ತು. ಹೋಗಲಿಲ್ಲ, ಏಕೆಂದರೆ ಅದು ಎಗ್ಜಾಮಿಗೆ ಬರುತ್ತಿರಲಿಲ್ಲ.

ಆ ಕಾವ್ಯದಲ್ಲೇ ಒಂದು ಪ್ರಸಂಗವಿದೆ. ಮಂಟೇಸ್ವಾಮಿ ಕೊಳಕು ಮೈಯಲ್ಲಿ, ನಾರುವ ವೇಷದಲ್ಲಿ ಕಲ್ಯಾಣದ ಬಾಗಿಲಿಗೆ ಬರುತ್ತಾನೆ. ಒಳಗಿರುವ ಶರಣರು ನಿಜವಾದವರೋ ವೇಷದವರೋ ಎಂದು ನೋಡಲು. ಬಾಗಿಲಲ್ಲಿ ಅವನನ್ನು ತಡೆಯುತ್ತಾರೆ. ನಾವು ಈ ಪ್ರಸಂಗವನ್ನು ಪ್ರತಿ ವರ್ಷ ಪಾಠ ಮಾಡುತ್ತೇವೆ. ಬಾಗಿಲು ಕಾಯುವವರನ್ನು ತರಗತಿಯಲ್ಲಿ ಬೈಯುತ್ತೇವೆ. ಆಮೇಲೆ ಹದಿನಾರು ಅಂಕದ ಪ್ರಶ್ನೆಗೆ ಸಿದ್ಧವಾಗಿರಿ ಎಂದು ಹೇಳಿ ಪುಸ್ತಕ ಮುಚ್ಚುತ್ತೇವೆ.

ಸ್ಪೀಕರ್ ಇನ್ನೂ ನನ್ನ ಚೀಲದಲ್ಲಿದೆ. ಮುಂದಿನ ಸೆಮಿಸ್ಟರಿನಲ್ಲಿ ಯಾರಾದರೂ ಅದೇ ಪ್ರಶ್ನೆ ಕೇಳಿದರೆ 'ಬರುತ್ತೆ' ಎಂದು ಹೇಳುವ ಅಧಿಕಾರ ಒಬ್ಬ ಅತಿಥಿ ಉಪನ್ಯಾಸಕನಿಗೆ ಇಲ್ಲ. ಇರುವವರು ಇದನ್ನು ಓದುತ್ತಿದ್ದರೆ, ಉತ್ತರ ಅವರು ಕೊಡಲಿ.